ಹೊಟ್ಟೆಯ ಉರಿ ಮತ್ತು ನಮ್ಮ ಇಫ್ತಾರ್

ನಿಮ್ಮ ಮನೆಯ ಇಫ್ತಾರಿನ ದಸ್ತರ್‌ಖಾನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ಖರ್ಜೂರವಿದೆ, ನೀರಿದೆ, ಶರಬತ್ತಿದೆ. ಹಣ್ಣು ಹೆಚ್ಚಿಟ್ಟ ತಟ್ಟೆಯಿದೆ. ಸಮೋಸ, ಪಕೋಡ, ಕಟ್ಲೆಟ್, ಗಂಜಿ, ರೊಟ್ಟಿ, ಮಾಂಸದ ಸಾರು ಎಲ್ಲವೂ ಇವೆ. ಮಗ್ರಿಬ್‌ನ ಬಾಂಗ್ ಆಗುವ ಮೊದಲು ಮನೆಯ ಹಿರಿಯರೊಬ್ಬರು ಕಪಾಟಿನಿಂದ ಇನ್ನೊಂದು ವಸ್ತುವನ್ನೂ ತಂದು ತಮ್ಮ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಅದು ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧದ ಬಾಟಲಿ. ಉಂಡ ಮೇಲೆ ಆಗಲಿರುವ ಉರಿಗೆ ಉಣ್ಣುವ ಮೊದಲೇ ಸಿದ್ಧತೆ!

ದಿನವಿಡೀ ಅಲ್ಲಾಹನಿಗಾಗಿ ಹಸಿವನ್ನು ಸಹಿಸಿದ ವ್ಯಕ್ತಿಯು ಸಂಜೆ ಅರ್ಧ ಗಂಟೆಯೊಳಗೆ ತನ್ನ ಹೊಟ್ಟೆಯನ್ನು ಹೀಗೇಕೆ ಶಿಕ್ಷಿಸುತ್ತಾನೆ? ಈ ಪ್ರಶ್ನೆಯನ್ನು ನಾನು ಇತರರಿಗಿಂತ ಮೊದಲು ನನಗೇ ಕೇಳಿಕೊಂಡಿದ್ದೇನೆ. ಏಕೆಂದರೆ ಆ ಬಾಟಲಿಯನ್ನು ಹಲವು ರಮಝಾನ್‌ಗಳಲ್ಲಿ ನಾನೂ ಪಕ್ಕದಲ್ಲಿಟ್ಟುಕೊಂಡವನೇ.

ಮೊದಲು ಈ ಉರಿ ಎಂದರೇನೆಂದು ತಿಳಿದುಕೊಳ್ಳೋಣ. ನಮ್ಮ ಜಠರವು ದಿನವೊಂದಕ್ಕೆ ಸುಮಾರು 2 ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಕಾರ್ಖಾನೆಗಳಲ್ಲಿ ಲೋಹವನ್ನು ತೊಳೆಯಲು ಬಳಸುವ ಆಮ್ಲವೂ ಇದೇ ಜಾತಿಯದು. ಜಠರದಲ್ಲಿರುವುದು ಈ ಆಮ್ಲವೇ ಎಂಬುದನ್ನು 1824ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ಎಂಬವರು ತೋರಿಸಿಕೊಟ್ಟರು. ಆಹಾರದೊಂದಿಗೆ ಒಳಹೋಗುವ ರೋಗಾಣುಗಳನ್ನು ಅದು ಕೊಲ್ಲುತ್ತದೆ. ಮಾಂಸ, ಬೇಳೆ, ಮೊಟ್ಟೆಗಳಲ್ಲಿರುವ ಪ್ರೋಟೀನನ್ನು ಸಡಿಲಿಸಿ ಜೀರ್ಣಿಸಲು ನೆರವಾಗುತ್ತದೆ. ಮಾಂಸವನ್ನು ಕರಗಿಸುವ ಈ ದ್ರವವು ಸ್ವತಃ ಮಾಂಸದಿಂದಲೇ ಆದ ಜಠರವನ್ನೇಕೆ ಕರಗಿಸುವುದಿಲ್ಲ? ಸೃಷ್ಟಿಕರ್ತನು ಅದರ ಒಳಗೋಡೆಗೆ ದಪ್ಪನೆಯ ಲೋಳೆಯ ಹೊದಿಕೆಯನ್ನು ಹೊದಿಸಿದ್ದಾನೆ. ಆ ಲೋಳೆಯೊಳಗೆ ಆಮ್ಲವನ್ನು ತಣಿಸುವ ಕ್ಷಾರವಿದೆ. ಅಷ್ಟೇ ಅಲ್ಲ, ಒಳಗೋಡೆಯ ಮೇಲ್ಪದರವು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ನಮ್ಮೊಳಗೇ ಇರುವ ದೃಷ್ಟಾಂತಗಳನ್ನು ನೋಡುವುದಿಲ್ಲವೇ ಎಂದು ಪವಿತ್ರ ಕುರ್‌ಆನ್ ನಮ್ಮನ್ನು ಕೇಳುತ್ತದೆ. ಅದನ್ನು ನೋಡಲು ದೂರಕ್ಕೆಲ್ಲೂ ಹೋಗಬೇಕಾಗಿಲ್ಲ.

ಆದರೆ ಈ ಹೊದಿಕೆ ಜಠರಕ್ಕೆ ಮಾತ್ರ ಇದೆ. ಅದರ ಮೇಲಿರುವ ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಇವೆರಡರ ನಡುವೆ ಸ್ನಾಯುವಿನ ಒಂದು ಉಂಗುರವಿದೆ. ತುತ್ತು ಕೆಳಗಿಳಿಯುವಾಗ ಅದು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಜಠರವು ವಿಪರೀತ ತುಂಬಿ ಹಿಗ್ಗಿದಾಗ ಆ ಉಂಗುರವು ಪದೇ ಪದೇ ಸಡಿಲವಾಗುತ್ತದೆ. ಎಣ್ಣೆಯಲ್ಲಿ ಕರಿದ ಪದಾರ್ಥ, ಬೀಡಿ ಸಿಗರೇಟು, ಕಾಫಿ ಇವು ಅದನ್ನು ಇನ್ನಷ್ಟು ಸಡಿಲಿಸುತ್ತವೆ. ಕೊಬ್ಬಿನ ಪದಾರ್ಥವು ಜಠರದಿಂದ ಬೇಗನೆ ಮುಂದೆ ಸಾಗುವುದೂ ಇಲ್ಲ. ಆಗ ಆಮ್ಲವು ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ. ಎದೆಗೂಡಿನ ನಡುಮೂಳೆಯ ಹಿಂದೆ ಉರಿಯುತ್ತದೆ, ಗಂಟಲಿಗೆ ಹುಳಿನೀರು ಬರುತ್ತದೆ. ಇದನ್ನೇ ನಾವು ಎದೆಯುರಿ, ಹುಳಿತೇಗು ಎನ್ನುತ್ತೇವೆ. ನಮ್ಮ ಕಡೆಯಲ್ಲಿ ಎಲ್ಲಕ್ಕೂ ಸೇರಿ ಒಂದೇ ಹೆಸರು: ಗ್ಯಾಸ್ಟ್ರಿಕ್.

ಇನ್ನು ಆ ಬಾಟಲಿಯೊಳಗೇನಿದೆ? ಆಮ್ಲಕ್ಕೆ ಎದುರಾದ ಕ್ಷಾರವಿದೆ. ಜೆಲುಸಿಲ್, ಡೈಜೀನ್ ಮುಂತಾದ ಔಷಧಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂನ ಹೈಡ್ರಾಕ್ಸೈಡುಗಳಿರುತ್ತವೆ. ಅಲ್ಯೂಮಿನಿಯಂ ಮಲವನ್ನು ಕಟ್ಟುತ್ತದೆ, ಮೆಗ್ನೀಷಿಯಂ ಸಡಿಲಿಸುತ್ತದೆ. ಆದುದರಿಂದ ಎರಡನ್ನೂ ಬೆರೆಸುತ್ತಾರೆ. ಅಗಿಯುವ ಕೆಲವು ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ ಇರುತ್ತದೆ. ನೀರಿಗೆ ಹಾಕಿದೊಡನೆ ನೊರೆಯೇಳುವ ಪುಡಿಯಲ್ಲಿ ಮುಖ್ಯವಾಗಿ ಇರುವುದು ನಮ್ಮ ಅಡುಗೆ ಸೋಡಾ. ಇವೆಲ್ಲವೂ ಜಠರದಲ್ಲಿ ಆ ಹೊತ್ತಿಗೆ ಇರುವ ಆಮ್ಲವನ್ನು ತಣಿಸುತ್ತವೆ, ಅಷ್ಟೇ. ಹೊಸ ಆಮ್ಲ ತಯಾರಾಗುವುದನ್ನು ತಡೆಯುವುದಿಲ್ಲ, ಸಡಿಲಾದ ಉಂಗುರವನ್ನು ಬಿಗಿಯುವುದೂ ಇಲ್ಲ. ಬರಿ ಹೊಟ್ಟೆಯಲ್ಲಿ ಕುಡಿದರೆ ಇದರ ಪ್ರಭಾವ ಅರ್ಧ ಗಂಟೆಯಷ್ಟು ಹೊತ್ತು. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಎರಡು ಮೂರು ಗಂಟೆ ಉಳಿಯಬಹುದು. ಊಟಕ್ಕೆ ಮೊದಲೇ ಬಾಟಲಿ ಎತ್ತುವ ನಮ್ಮ ಹಿರಿಯರಿಗೆ ಅದರ ಪೂರ್ಣ ಪ್ರಯೋಜನವೂ ಸಿಗುವುದಿಲ್ಲ ಎಂದಾಯಿತು.

ಅಡುಗೆ ಸೋಡಾದ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಸೋಡಾ ಮತ್ತು ಆಮ್ಲ ಕೂಡಿದಾಗ ಉಪ್ಪು, ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಅನಿಲ ಉಂಟಾಗುತ್ತವೆ. ಆ ಅನಿಲವೇ ದೊಡ್ಡ ತೇಗಾಗಿ ಹೊರಬರುತ್ತದೆ. ಕುಡಿದವರು "ಗ್ಯಾಸ್ ಹೋಯಿತು" ಎಂದು ಸಮಾಧಾನಪಡುತ್ತಾರೆ. ಆದರೆ ಹೊರಬಂದ ಆ ಗ್ಯಾಸ್ ಬಹುಮಟ್ಟಿಗೆ ಕುಡಿದ ಸೋಡಾದಿಂದಲೇ ಆಗ ತಾನೇ ಹುಟ್ಟಿದ್ದು! ಈ ಚಿಕ್ಕ ವಿಷಯವು ನಮ್ಮ ಕುಟುಂಬಕ್ಕೆ ತಿಳಿದಿರುತ್ತಿದ್ದರೆ ಒಂದು ರಾತ್ರಿ ಬೇರೆಯೇ ರೀತಿಯಲ್ಲಿ ಕಳೆಯುತ್ತಿತ್ತು.

2016ರ ರಮಝಾನ್ ಜೂನ್ ತಿಂಗಳಲ್ಲಿತ್ತು. ಮಳೆ ಹಿಡಿದಿತ್ತು. ನನ್ನ ಸೋದರಮಾವನವರು ಎಂದಿನಂತೆ ಇಫ್ತಾರ್ ಮಾಡಿ ಎಂದಿನಂತೆಯೇ ಹೊಟ್ಟೆ ತುಂಬ ಉಂಡು ತರಾವೀಹ್‌ಗೆ ಹೋದರು. ಎಂಟು ರಕಅತ್ ಆಗುವಷ್ಟರಲ್ಲಿ ಎದೆ ಉರಿಯತೊಡಗಿತು. ಗೋಡೆಗೊರಗಿ ಕುಳಿತರು. ಮನೆಗೆ ಕರೆತಂದೆವು. ಅವರಿಗೆ ಹತ್ತು ವರ್ಷಗಳಿಂದ ಗ್ಯಾಸ್ಟ್ರಿಕ್ ಇದೆಯೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಾಮಿಯವರು ಸೋಡಾ ಪುಡಿ ಕದಡಿ ಕೊಟ್ಟರು. ದೊಡ್ಡ ತೇಗು ಬಂತು. "ಅಲ್‌ಹಮ್ದುಲಿಲ್ಲಾಹ್, ಗ್ಯಾಸ್ ಹೋಯಿತು" ಎಂದು ನಾವೆಲ್ಲರೂ ಹೇಳಿದೆವು, ಅವರೂ ಹೇಳಿದರು. ಸಹ್ರಿಗೆ ಎಬ್ಬಿಸಲು ಹೋದಾಗ ಅಂಗಿ ಬೆವರಿನಿಂದ ತೊಯ್ದಿತ್ತು, ಎಡತೋಳು ಎತ್ತಲಾಗುತ್ತಿರಲಿಲ್ಲ. ಅದು ಹೃದಯಾಘಾತವಾಗಿತ್ತು. ಆರು ಗಂಟೆ ತಡವಾಗಿ ಬಂದಿದ್ದೀರಿ ಎಂದು ಡಾಕ್ಟರರು ಹೇಳಿದರು. ಅಲ್ಲಾಹನು ಜೀವವನ್ನು ಉಳಿಸಿಕೊಟ್ಟನು. ಆದರೆ ಹೃದಯದ ಬಲ ಮೊದಲಿನಂತೆ ಉಳಿಯಲಿಲ್ಲ.

ಎದೆಯ ಉರಿಯ ಜೊತೆ ತಣ್ಣನೆಯ ಬೆವರು, ಉಸಿರು ಕಟ್ಟುವುದು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ಎದೆಯ ಮೇಲೆ ಭಾರವಿಟ್ಟಂತಹ ಬಿಗಿತ, ನಡೆದರೆ ಹೆಚ್ಚಾಗುವ ಸಂಕಟ ಇವುಗಳಲ್ಲಿ ಯಾವುದಿದ್ದರೂ ಸೋಡಾ ಹುಡುಕುತ್ತಾ ಕೂರಬೇಡಿರಿ. ತರಾವೀಹ್ ಮುಗಿಯಲಿ ಎಂದೂ ಕಾಯಬೇಡಿರಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಮಹಿಳೆಯರಲ್ಲಿ ಈ ಲಕ್ಷಣಗಳು ಅಸ್ಪಷ್ಟವಾಗಿರುವುದೂ ಉಂಟು. ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿರಿ. ಅದು ಬರಿಯ ಹುಳಿತೇಗು ಎಂದು ತಿಳಿದುಬಂದರೆ ನಗುತ್ತಾ ಮರಳಿ ಬರುವಿರಿ.

ಈಗ ತಟ್ಟೆಯ ವಿಷಯಕ್ಕೆ ಬರೋಣ. ತಿರ್ಮಿದಿಯಲ್ಲಿ ವರದಿಯಾಗಿರುವ, ಹಝ್ರತ್ ಮಿಕ್ದಾಮ್ ಬಿನ್ ಮಅದೀಕರಿಬ್(ರ) ಹೇಳಿದ ಹದೀಸ್ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ಪಾನೀಯಕ್ಕೆ, ಒಂದು ಭಾಗ ಉಸಿರಿಗೆ ಎಂಬ ವಿಷಯವನ್ನು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಆ ಹದೀಸಿನ ಮೊದಲ ಭಾಗವನ್ನು ಮರೆತುಬಿಡುತ್ತೇವೆ. ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಗಿಂತ ಕೆಟ್ಟದ್ದು ಬೇರೊಂದಿಲ್ಲವೆಂದು ಪ್ರವಾದಿವರ್ಯರು(ಸ) ಅಲ್ಲಿ ಮೊದಲು ಹೇಳುತ್ತಾರೆ. ಬೆನ್ನೆಲುಬನ್ನು ನೆಟ್ಟಗೆ ನಿಲ್ಲಿಸುವಷ್ಟು ಕೆಲವು ತುತ್ತುಗಳೇ ಅವನಿಗೆ ಸಾಕು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ತಿನ್ನಲೇಬೇಕಾದರೆ ಮಾತ್ರ ಆ ಮೂರು ಪಾಲು. ಅಂದರೆ ಮೂರನೆಯ ಒಂದು ಪಾಲು ನಾವು ಮುಟ್ಟಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ನಾವೋ ಅದನ್ನು ಕನಿಷ್ಠ ಪ್ರಮಾಣವೆಂದು ಭಾವಿಸಿ ಅಲ್ಲಿಂದ ಆರಂಭಿಸುತ್ತೇವೆ! ಉಸಿರಿಗೆ ಬಿಟ್ಟ ಆ ಜಾಗವನ್ನು ನೋಡಿರಿ. ಹಿಗ್ಗಿದ ಜಠರವೇ ಉಂಗುರವನ್ನು ಸಡಿಲಿಸುತ್ತದೆ ಎಂದು ಇಂದು ಡಾಕ್ಟರರು ಹೇಳುತ್ತಾರೆ. ಆ ಜಾಗ ಖಾಲಿಯಿದ್ದರೆ ಉಂಗುರ ಸಡಿಲಾಗುವ ಪ್ರಮೇಯವೇ ಕಡಿಮೆ.

ಇದೇ ತಿರ್ಮಿದಿಯಲ್ಲಿ ಹಝ್ರತ್ ಇಬ್ನ್ ಉಮರ್(ರ)ರಿಂದ ಇನ್ನೊಂದು ವರದಿಯಿದೆ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಒಬ್ಬ ವ್ಯಕ್ತಿ ತೇಗಿದಾಗ, ಅದನ್ನು ತಮ್ಮಿಂದ ದೂರವಿಡುವಂತೆ ಅವರು ಹೇಳಿದರು. ಇಹಲೋಕದಲ್ಲಿ ಅತಿ ಹೆಚ್ಚು ಹೊಟ್ಟೆ ತುಂಬಿಸಿಕೊಂಡವರು ಕಿಯಾಮತ್ ದಿನ ಅತಿ ದೀರ್ಘ ಕಾಲ ಹಸಿದಿರುವರೆಂದು ಎಚ್ಚರಿಸಿದರು. ತೇಗನ್ನು ತೃಪ್ತಿಯ ಲಕ್ಷಣವೆಂದು ತಿಳಿದು ಆತಿಥೇಯರ ಮುಂದೆ ಸಂಭ್ರಮದಿಂದ ತೇಗುವ ನಮಗೆ ಈ ಮಾತು ನಾಟಬೇಕಲ್ಲವೇ?

ಹೊಟ್ಟೆಯೇ ರೋಗಗಳ ಮನೆ, ಪಥ್ಯವೇ ಔಷಧದ ಮೂಲ ಎಂಬ ಮಾತನ್ನು ಕೆಲವು ಭಾಷಣಗಾರರು ಹದೀಸ್ ಎಂದು ಹೇಳುವುದುಂಟು. ಅದು ಹದೀಸ್ ಅಲ್ಲ. ಹಾರಿಸ್ ಬಿನ್ ಕಲದ ಎಂಬ ಅರಬ್ ವೈದ್ಯನ ಮಾತೆಂದು ಇಬ್ನುಲ್ ಖಯ್ಯಿಮ್‌ರಂತಹ ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ಮಾತು ಒಳ್ಳೆಯದೇ. ಆದರೆ ಒಳ್ಳೆಯ ಮಾತೆಂಬ ಕಾರಣಕ್ಕೆ ಪ್ರವಾದಿವರ್ಯರ(ಸ) ಹೆಸರಿಗೆ ಅದನ್ನು ಸೇರಿಸುವುದು ಸಣ್ಣ ಅಪರಾಧವಲ್ಲ.

ಇಫ್ತಾರಿನ ಸುನ್ನತ್ ಹೇಗಿತ್ತು? ಹಝ್ರತ್ ಅನಸ್(ರ)ರವರ ವರದಿಯಂತೆ ಪ್ರವಾದಿವರ್ಯರು(ಸ) ನಮಾಝ್‌ಗೆ ಮೊದಲು ಕೆಲವು ಹಸಿ ಖರ್ಜೂರಗಳಿಂದ, ಅದಿಲ್ಲದಿದ್ದರೆ ಒಣ ಖರ್ಜೂರಗಳಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ವ್ರತ ತೊರೆಯುತ್ತಿದ್ದರು. ಅನಂತರ ನಮಾಝ್. ಹದಿನಾಲ್ಕು ಗಂಟೆ ಖಾಲಿಯಿದ್ದ ಜಠರಕ್ಕೆ ಇದಕ್ಕಿಂತ ಮೃದುವಾದ ಆರಂಭ ಇರಲಾರದು. ಆ ಹತ್ತು ಹದಿನೈದು ನಿಮಿಷಗಳಲ್ಲಿ ಹಸಿವಿನ ಅಬ್ಬರ ತಣ್ಣಗಾಗುತ್ತದೆ. ಮರಳಿ ಬಂದು ಕುಳಿತಾಗ ಕೈ ತಾನಾಗಿಯೇ ನಿಧಾನವಾಗುತ್ತದೆ. ಇದರ ಬದಲು ಸಮೋಸದಿಂದ ಬಿರಿಯಾನಿಯವರೆಗೆ ಒಂದೇ ಉಸಿರಿನಲ್ಲಿ ಮುಗಿಸಿ ಮಸೀದಿಗೆ ಓಡಿದರೆ ಏನಾಗುತ್ತದೆ? ರುಕೂನಲ್ಲಿ ಸೊಂಟ ಬಗ್ಗುತ್ತದೆ, ಸುಜೂದ್‌ನಲ್ಲಿ ತಲೆಯು ಹೊಟ್ಟೆಗಿಂತ ಕೆಳಗಿಳಿಯುತ್ತದೆ. ತುಂಬಿದ ಕೊಡವನ್ನು ವಾಲಿಸಿದಂತೆ ಹುಳಿನೀರು ಗಂಟಲಿಗೆ ಬರುತ್ತದೆ. ಸೃಷ್ಟಿಕರ್ತನಿಗೆ ದಾಸನು ಅತ್ಯಂತ ನಿಕಟನಾಗಿರುವುದು ಸುಜೂದ್‌ನಲ್ಲಿ. ನಾವು ಆ ಗಳಿಗೆಯಲ್ಲಿ, ಇಮಾಮರು ಯಾವಾಗ ತಲೆಯೆತ್ತುವರೋ ಎಂದು ಕಾಯುತ್ತಿರುತ್ತೇವೆ. ಎದೆಯುರಿಯಿಂದ ನನಗಾದ ದೊಡ್ಡ ನಷ್ಟ ಇದೇ ಎಂದು ನನಗನಿಸುತ್ತದೆ.

ಸಹ್ರಿಯದು ಇನ್ನೊಂದು ಕಥೆ. ಗಡದ್ದಾಗಿ ತಿಂದು, ಫಜ್ರ್ ಮುಗಿಸಿ, ಹಾಸಿಗೆಗೆ ಮರಳುವುದು ಹಲವು ಮನೆಗಳ ವಾಡಿಕೆ. ಉಂಡ ಮೇಲೆ ಎರಡು ಮೂರು ಗಂಟೆ ಮಲಗಬಾರದೆಂಬುದು ಎದೆಯುರಿಯವರಿಗೆ ಡಾಕ್ಟರರ ಮೊದಲ ಸೂಚನೆ. ಸಹ್ರಿಯನ್ನು ಬಿಡಬೇಡಿರಿ, ಅದರಲ್ಲಿ ಬರಕತ್ ಇದೆ. ಹಗುರಾಗಿಸಿಕೊಳ್ಳಿರಿ. ಫಜ್ರ್‌ನ ನಂತರ ಕುಳಿತು ಕುರ್‌ಆನ್ ಪಾರಾಯಣ ಮಾಡುವವರಿಗೆ ಈ ತೊಂದರೆ ಕಡಿಮೆ. ಮಲಗಲೇಬೇಕಾದವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಆರೇಳು ಅಂಗುಲ ಎತ್ತರಿಸಿಕೊಳ್ಳಬಹುದು. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ಬಾಗುವುದಲ್ಲದೆ ಹೆಚ್ಚಿನ ಪ್ರಯೋಜನವಿಲ್ಲ. ಎಡಮಗ್ಗುಲಿಗೆ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆಯೆಂದು ವೈದ್ಯರು ಹೇಳುತ್ತಾರೆ. ಬಲಮಗ್ಗುಲಿಗೆ ಮಲಗುವುದು ಸುನ್ನತ್ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆರೋಗ್ಯವಂತನು ಅದನ್ನು ಪಾಲಿಸಲಿ. ಅದು ಕಡ್ಡಾಯವಲ್ಲ. ರೋಗಿಯು ದುಆ ಓದಿ ಬಲಕ್ಕೆ ಒರಗಿ, ಆಮೇಲೆ ಚಿಕಿತ್ಸೆಯೆಂದು ಎಡಕ್ಕೆ ಹೊರಳಿದರೆ ಅದಕ್ಕಾಗಿ ಮನಸ್ಸು ಕೊರಗಬೇಕಾಗಿಲ್ಲ.

ಅಡುಗೆಮನೆಯ ಕಡೆಯೂ ಒಮ್ಮೆ ನೋಡೋಣ. ಆಹಾರದ ಪರಿಮಳ ಮೂಗಿಗೆ ಬಡಿದೊಡನೆ ಜಠರದಲ್ಲಿ ಆಮ್ಲ ಸ್ರವಿಸುತ್ತದೆ. ರಷ್ಯಾದ ಪಾವ್ಲೊವ್ ಎಂಬ ವಿಜ್ಞಾನಿಗೆ ಜೀರ್ಣಕ್ರಿಯೆಯ ಕುರಿತಾದ ಸಂಶೋಧನೆಗಳಿಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಿನ್ನುವ ಮೊದಲೇ ಜಠರರಸ ಹರಿಯುತ್ತದೆಂಬುದನ್ನು ನಾಯಿಗಳಲ್ಲಿ ಪರೀಕ್ಷಿಸಿ ತೋರಿಸಿದವರು ಅವರೇ. ಅಸ್ರ್‌ನಿಂದ ಮಗ್ರಿಬ್‌ವರೆಗೆ ಕಾದ ಎಣ್ಣೆಯ ಮುಂದೆ, ಬರಿ ಹೊಟ್ಟೆಯಲ್ಲಿ, ಈ ಪರಿಮಳದ ನಡುವೆ ನಿಲ್ಲುವವರು ಯಾರು? ನಮ್ಮ ತಾಯಿ, ಪತ್ನಿ, ಮಗಳು, ಸೊಸೆ. ದುಆ ಸ್ವೀಕೃತವಾಗುವ ಸಮಯವನ್ನು ಅವರು ಬಾಣಲೆಗೆ ಕೊಡುತ್ತಾರೆ. ಎಲ್ಲರಿಗೂ ಬಡಿಸಿ ಕೊನೆಗೆ ಅವಸರದಲ್ಲಿ ತಿನ್ನುವವರೂ ಅವರೇ. ಗೃಹಸ್ಥರೇ, ನಾಳೆ ಕರಿದ ತಿಂಡಿ ಒಂದೇ ಸಾಕು, ಅಥವಾ ಅದೂ ಬೇಡ ಎಂದು ನೀವಾಗಿಯೇ ಹೇಳಿ ನೋಡಿರಿ. ಬೇಡವೆನ್ನುವ ಮಾತು ಅಡುಗೆಮನೆಯಿಂದ ಬರುವುದು ಕಷ್ಟ, ತಟ್ಟೆಯ ಮುಂದೆ ಕುಳಿತವನೇ ಹೇಳಬೇಕು.

ಆದರೆ ಎಲ್ಲ ಉರಿಯೂ ಅತಿಯಾಗಿ ತಿಂದುದರ ಫಲವೆಂದು ತಿಳಿಯಬೇಡಿರಿ. ಮಿತವಾಗಿ ಉಣ್ಣುವವರಿಗೂ, ಗರ್ಭಿಣಿಯರಿಗೂ ಎದೆಯುರಿ ಬರುತ್ತದೆ. ಇಂತಹವರನ್ನು ಹೊಟ್ಟೆಬಾಕರೆಂದು ಹೀಯಾಳಿಸುವುದು ಅನ್ಯಾಯ. ಜಠರದ ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ಬಹುಕಾಲ ವೈದ್ಯರೇ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರು ಜಠರದಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಜನರು ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ರೋಗಾಣುಗಳನ್ನು ತಾವೇ ಕುಡಿದು ಜಠರದ ಉರಿಯೂತಕ್ಕೊಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ದೊರೆಯಿತು. ಇಂದು ಬಹಳಷ್ಟು ಹುಣ್ಣುಗಳು ಸುಮಾರು ಎರಡು ವಾರಗಳ ಮಾತ್ರೆಗಳಿಂದ ಗುಣವಾಗುತ್ತವೆ. ಔಷಧವಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಚಿಕಿತ್ಸೆ ಮಾಡಬಹುದೇ ಎಂದು ಹಳ್ಳಿಗರು ಕೇಳಿದಾಗ ಮಾಡಿರಿ ಎಂದೇ ಉತ್ತರಿಸಿದ್ದಾರೆ. ಹತ್ತು ವರ್ಷ ಅಂಗಡಿಯಿಂದ ತಾವೇ ಔಷಧ ತಂದು ಕುಡಿಯುವುದು ಚಿಕಿತ್ಸೆಯಾಗುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಒಂದು ದಿನವೂ ತಡಮಾಡಬೇಡಿರಿ. ಮೂತ್ರಪಿಂಡದ ತೊಂದರೆಯುಳ್ಳವರು ಈ ಆಂಟಾಸಿಡ್‌ಗಳನ್ನೂ, ರಕ್ತದೊತ್ತಡವುಳ್ಳವರು ಸೋಡಾವನ್ನೂ ಡಾಕ್ಟರರನ್ನು ಕೇಳದೆ ಕುಡಿಯಬಾರದು. ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳ ಜೊತೆಗೆ ಕುಡಿದರೆ ಅವು ಸರಿಯಾಗಿ ಮೈಗೆ ಹತ್ತುವುದಿಲ್ಲ. ತಲೆನೋವೆಂದು ಸಹ್ರಿಯಲ್ಲಿ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಹುಣ್ಣಿಗೆ ದಾರಿ.

ವ್ರತದಲ್ಲಿರುವಾಗ ಹುಳಿತೇಗು ಬಂದರೆ ವ್ರತ ಮುರಿಯುವುದೇ ಎಂದು ಹಲವರು ಕೇಳುತ್ತಾರೆ. ಉದ್ದೇಶವಿಲ್ಲದೆ ಗಂಟಲಿಗೆ ಬಂದು ತಾನಾಗಿಯೇ ಹಿಂದಿರುಗಿದರೆ ಮುರಿಯುವುದಿಲ್ಲ. ಬಾಯಿಗೆ ಬಂದುದನ್ನು ಉಗುಳಬೇಕು, ತಿಳಿದೂ ನುಂಗಬಾರದೆಂದು ವಿದ್ವಾಂಸರು ಹೇಳಿದ್ದಾರೆ. ಔಷಧ ಕುಡಿದರೆ ವ್ರತ ಮುರಿಯುತ್ತದೆ. ಆದರೆ ಕುಡಿಯಲೇಬೇಕಾದ ರೋಗಿಗೆ ವ್ರತವನ್ನು ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿಯನ್ನು ಅಲ್ಲಾಹನೇ ಅಲ್ ಬಕರಃ ಅಧ್ಯಾಯದಲ್ಲಿ ನೀಡಿದ್ದಾನೆ.

ನನ್ನ ಮಾವನವರು ಈ ಅನುಮತಿಯನ್ನು ಸ್ವೀಕರಿಸಲು ಸಿದ್ಧರಿರಲಿಲ್ಲ. ಡಾಕ್ಟರರು ಬೇಡವೆಂದರೂ 2017ರ ರಮಝಾನ್‌ನಲ್ಲಿ ಹಗಲಿನ ಮಾತ್ರೆ ಬಿಟ್ಟು ಗುಟ್ಟಾಗಿ ವ್ರತ ಹಿಡಿದರು. ನಾಲ್ಕನೆಯ ದಿನ ವುಝೂ ಮಾಡುತ್ತಿದ್ದಲ್ಲಿಯೇ ಕುಸಿದರು. ನಮ್ಮ ಮಸೀದಿಯ ಉಸ್ತಾದರು ಮನೆಗೆ ಬಂದು ಪಕ್ಕದಲ್ಲಿ ಕುಳಿತು ಮೃದುವಾಗಿ ಹೇಳಿದರು: "ಕಾಕಾ, ವ್ರತ ಹಿಡಿಯಿರಿ ಎಂದವನೂ ಅವನೇ, ನಿಮಗೆ ಬೇಡ ಎಂದವನೂ ಅವನೇ. ಒಂದು ಆಜ್ಞೆಯನ್ನು ಪಾಲಿಸಿ ಇನ್ನೊಂದನ್ನು ಏಕೆ ಹಿಂದಕ್ಕೆ ಕಳಿಸುತ್ತೀರಿ?" ಮಾವನವರು ಬಹಳ ಹೊತ್ತು ಅತ್ತರು.

ಈಗ ಅವರು ಹೃದಯದ ಮಾತ್ರೆಗಳ ಜೊತೆಗೆ, ಅವು ಜಠರವನ್ನು ಕೆಡಿಸದಂತೆ ಡಾಕ್ಟರರೇ ಬರೆದುಕೊಟ್ಟ ಆಮ್ಲ ತಗ್ಗಿಸುವ ಮಾತ್ರೆಯನ್ನೂ ನುಂಗುತ್ತಾರೆ. ಗುಣವಾಗುವ ನಿರೀಕ್ಷೆಯಿಲ್ಲದ ರೋಗಿಗಿರುವ ವಿಧಿಯಂತೆ ವ್ರತದ ಬದಲು ಫಿದ್ಯ ಕೊಡುತ್ತಾರೆ. ದಿನಕ್ಕೊಬ್ಬ ಬಡವರಿಗೆ ಊಟ. ಮಾಮಿಯವರು ಅಡುಗೆ ಮಾಡುತ್ತಾರೆ, ಬುತ್ತಿ ಕಟ್ಟುವ ಕೆಲಸ ಮಾತ್ರ ತನ್ನದೇ ಎಂದು ಮಾವನವರು ಹಟ ಹಿಡಿಯುತ್ತಾರೆ. ಸಾರು ಚೆಲ್ಲದಂತೆ ಮುಚ್ಚಳ ಬಿಗಿದು, ಮೇಲೆ ಮೂರು ಖರ್ಜೂರವಿಟ್ಟು, ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಮೊಮ್ಮಗನ ಕೈಗೆ ಕೊಟ್ಟು ಕಳಿಸುತ್ತಾರೆ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಜಗಲಿಯಲ್ಲಿ ನಿಂತಿರುತ್ತಾರೆ.